ತೆರೆಯಿರಿ ಎಂದು ಬರೆದ ಮೇಷ್ಟ್ರು

ಮೇಷ್ಟ್ರ ಹಲ್ಲಿನ ಸೆಟ್ಟು ಇರುತ್ತಿದ್ದದ್ದು ಬಾಯಲ್ಲಲ್ಲ, ಅಂಗಿಯ ಜೇಬಿನಲ್ಲಿ. ಒಗೆದು ಮಡಿಸಿದ ಕರ್ಚೀಫಿನಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ಕಾಫಿ ಕುಡಿಯಲು, ಕಂಡಕ್ಟರನ ಹತ್ತಿರ ಜಗಳವಾಡಲು, ನನ್ನನ್ನು ಬೈಯಲು ಬೋಳು ವಸಡೇ ಸಾಕಾಗುತ್ತಿತ್ತು. ಕನ್ನಡ ಬರೆಸುವುದಿದ್ದರೆ ಮಾತ್ರ ಆಚೆ ತಿರುಗಿ ಸೆಟ್ಟು ಕೂರಿಸಿಕೊಂಡು, ಕಟಕಟ ಎಂದು ಕಚ್ಚಿ ನೋಡಿ, "ಹ್ಞಾಂ, ಈಗ ಬರಿ" ಎನ್ನುತ್ತಿದ್ದರು. ಹಲ್ಲಿಲ್ಲದೆ ಶ ಮತ್ತು ಷ ಬೇರೆಬೇರೆಯಾಗಿ ಬರುವುದಿಲ್ಲ, ಅಂಥ ಬಾಯಿಂದ ಕನ್ನಡ ಬರೆಸಿದರೆ ಪಾಪ ಬರುತ್ತದೆ ಎಂದು ನಂಬಿದ್ದ ಮನುಷ್ಯ.

ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು ಅವರೇ. ಆಗ ಸ್ವಂತ ಹಲ್ಲಿದ್ದವು, ಅವನ್ನು ಕಡಿಯುತ್ತಲೇ ಪಾಠ ಮಾಡುತ್ತಿದ್ದರು. ನಿವೃತ್ತರಾಗಿ ಮಗಳ ಮನೆ ಸೇರಿದ ಮೇಲೆ ತಿದ್ದಲು ಕಾಪಿ ಪುಸ್ತಕ ಸಿಗದೆ ಊರನ್ನೇ ತಿದ್ದಲು ಹೊರಟರು. 'ಶ್ರಂಗೇರಿ' ಎಂದು ಬೋರ್ಡು ಬರೆಸಿಕೊಂಡ ಬಸ್ಸು ಹತ್ತುವುದಿಲ್ಲ ಎಂದು ಮಳೆಯಲ್ಲಿ ಮುಂದಿನ ಬಸ್ಸಿಗೆ ಕಾದು ನಿಂತವರು. ಮದುವೆ ಕಾಗದ ಕೊಟ್ಟರೆ ತಪ್ಪುಗಳಿಗೆ ಗೆರೆ ಎಳೆದು ಕೊಟ್ಟವರ ಕೈಗೇ ವಾಪಸ್ ಕೊಡುತ್ತಿದ್ದರು. ಕೊನೆಕೊನೆಗೆ ಜನ ಅವರನ್ನು ಮದುವೆಗೆ ಬಾಯಿಮಾತಿನಲ್ಲೇ ಕರೆದು ಓಡಿಹೋಗುತ್ತಿದ್ದರು.

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಸೈಬರ್ ಅಂಗಡಿ. ಜೆರಾಕ್ಸು, ಪಹಣಿ, ಆಧಾರು, ಅರ್ಜಿ, ಎಲ್ಲ ಅಲ್ಲೇ. ಮೇಷ್ಟ್ರು ಬೆಳಿಗ್ಗೆ ಬಂದು ಕೂತರೆ ಊಟದ ಹೊತ್ತಿಗೇ ಏಳುವುದು. ನಾನು ಟೈಪ್ ಮಾಡಿದ ಅರ್ಜಿಗಳನ್ನೆಲ್ಲ ಇಣುಕಿ ನೋಡಿ, "ಇದನ್ನ ನಿನಗೆ ಕಲಿಸಿದ ದರಿದ್ರ ಯಾರು ಮಾರಾಯ್ತಿ?" ಎಂದು ಕೇಳುವುದು. ನೀವೇ ಸಾರ್ ಎಂದರೆ ಮುಖ ಆಚೆ ತಿರುಗಿಸುವುದು. ಗಿರಾಕಿಗಳ ಎದುರು ಮಾನ ತೆಗೆಯುತ್ತಾರೆಂದು ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಬಾರದಿದ್ದರೆ ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಆ ವರ್ಷ ನಮ್ಮ ಕಡೆ ಮೊಬೈಲಿನಿಂದ ಮೋಟರ್ ಹಾಕುವ ಪೆಟ್ಟಿಗೆ ಬಂತು. ಪಂಪಿನ ಮನೆಯಲ್ಲಿ ಅದನ್ನು ಕೂರಿಸಿದರೆ ಮನೆಯಲ್ಲೇ ಕೂತು ಫೋನು ಒತ್ತಿ ನೀರು ಬಿಡಬಹುದು. ಅದರ ಸಾಫ್ಟ್‌ವೇರ್ ಮಾಡಿದ ಕಂಪನಿ, ಬಳಸುವ ಕ್ರಮ, ಕೆಟ್ಟರೆ ಮಾಡಬೇಕಾದ್ದು ಎಲ್ಲವನ್ನೂ ಒಂದು ವೆಬ್‌ಸೈಟಿನಲ್ಲಿ ಬರೆದಿಟ್ಟಿತ್ತು. ಕನ್ನಡದಲ್ಲೂ ಇತ್ತು, ಆದರೆ ಅದು ಯಂತ್ರ ಮಾಡಿದ ಕನ್ನಡ. ಯಾರಿಗೋ ಆ ಪುಟ ಪ್ರಿಂಟ್ ಹಾಕಿ ಕೊಡುತ್ತಿದ್ದೆ, ಮೇಷ್ಟ್ರು ಹಿಂದಿನಿಂದ ಬಗ್ಗಿ ಓದಿದರು. 'ಮೋಟರ್ ಓಡಿಹೋಗುತ್ತಿರುವಾಗ ಮುಚ್ಚಳವನ್ನು ಮುಟ್ಟಬೇಡಿ' ಎಂದಿತ್ತು.

"ಎಲ್ಲಿಗೆ ಓಡಿಹೋಗ್ತದೆ ಇದು? ಯಾರ ಜೊತೆ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವರು ನಗಲಿಲ್ಲ. ಪುಟದ ಮೂಲೆಯಲ್ಲಿದ್ದ ಪೆನ್ಸಿಲಿನ ಚಿತ್ರ ತೋರಿಸಿ ಅದೆಂತದು ಎಂದು ಕೇಳಿದರು. ಅದನ್ನು ಒತ್ತಿ ಯಾರು ಬೇಕಾದರೂ ತಿದ್ದಬಹುದು, ಇಬ್ಬರು ಪರಿಶೀಲಕರು ಒಪ್ಪಿದರೆ ತಿದ್ದಿದ್ದು ಪುಟಕ್ಕೆ ಬರುತ್ತದೆ, ದುಡ್ಡುಗಿಡ್ಡು ಕೊಡುವುದಿಲ್ಲ ಎಂದೆ. "ತಿದ್ದಬಹುದಾ?" ಎಂದರು. ಕರ್ಚೀಫು ಹೊರಗೆ ಬಂದಾಗಿತ್ತು.

ಅವರಿಗೆ ಇ-ಮೇಲ್ ಇರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ನನ್ನ ಹೆಸರಿನಲ್ಲೇ ಖಾತೆ ಮಾಡಿದೆ. ಅವರು ಹೇಳುವುದು, ನಾನು ಬಡಿಯುವುದು. ಪುಟದ ಮೇಲೆ ಪುಟ ತಿದ್ದಿದೆವು. 'ಸತ್ತ ಸಾಧನ' ಹೋಗಿ 'ಕೆಟ್ಟ ಸಾಧನ' ಬಂತು, ಓಡಿಹೋಗುತ್ತಿದ್ದ ಮೋಟರ್ ವಾಪಸ್ ಮನೆಗೆ ಬಂತು. ಎಲ್ಲೆಲ್ಲಿಂದಲೋ ಕೆಲಸ ಮಾಡುತ್ತಿದ್ದ ಪರಿಶೀಲಕರು ಸಂತೋಷಪಟ್ಟು, ಕನ್ನಡದಲ್ಲಿ ಬರೆಯುವವರಿಗೆಲ್ಲ ಅನ್ವಯಿಸುವ ನಿಯಮಗಳನ್ನೂ ನೀವೇ ಬರೆದುಕೊಡಿ ಎಂದು ಕೇಳಿಕೊಂಡರು. ಆ ದಿನ ಮೇಷ್ಟ್ರು ಮಗಳ ಮನೆಗೆ ಜಿಲೇಬಿ ಕಟ್ಟಿಸಿಕೊಂಡು ಹೋದರು.

ನಿಯಮಗಳಲ್ಲಿ ಒಂದು, ಕನ್ನಡ ಮಾತಿರುವಲ್ಲಿ ಇಂಗ್ಲಿಷ್ ಕೂಡದು. ಇನ್ನೊಂದು ಅವರ ಹಳೆಯ ಹಗೆ: 'ತೆಗೆ' ಮತ್ತು 'ತೆರೆ'. ಕ್ಲಾಸಿನಲ್ಲಿ ಯಾರಾದರೂ "ಬಾಗಿಲು ತೆಗೀಲಾ ಸಾರ್?" ಎಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. "ತೆಗೆದ್ರೆ ಕಳ್ಳ ಬರ್ತಾನೆ, ತೆರೆದ್ರೆ ನೆಂಟ ಬರ್ತಾನೆ. ಯಾರು ಬೇಕು ನಿಂಗೆ?" ಈಗ ಇಡೀ ವೆಬ್‌ಸೈಟಿನಲ್ಲಿ ಎಲ್ಲೆಲ್ಲಿ ತಪ್ಪು 'ತೆಗೆ' ಇದೆಯೋ ಅಲ್ಲೆಲ್ಲ 'ತೆರೆ' ಮಾಡುತ್ತಾ ಹೋದರು. ಪೆಟ್ಟಿಗೆಯ ಒಳಗೆ ಕೈ ಹಾಕುವ ಮೊದಲು ಮಾಡಬೇಕಾದ ಕೆಲಸದ ಬಗ್ಗೆ ಯಾರೋ ಪುಣ್ಯಾತ್ಮರು 'ಮೇನ್ ಸ್ವಿಚ್ ತೆಗೆಯಿರಿ' ಎಂದು ಬರೆದಿದ್ದರು. ಮೇಷ್ಟ್ರು ಅದನ್ನು 'ಮುಖ್ಯ ಸ್ವಿಚ್ಚನ್ನು ತೆರೆಯಿರಿ' ಎಂದು ಬರೆಸಿದರು.

"ಸಾರ್, ನಮ್ ಕಡೆ ಲೈಟ್ ತೆಗಿ ಅಂದ್ರೆ ಆರಿಸು ಅಂತ ಅಲ್ದಾ?" ಎಂದೆ.

"ಲೈಟ್ ತೆಗೆದ್ರೆ ಹೋಲ್ಡರ್ ಮಾತ್ರ ಉಳೀತದೆ. ಬರಿ."

ಇಂಗ್ಲಿಷ್ ಪುಟದಲ್ಲಿ ನೋಡಿದರೆ ಅಲ್ಲೂ 'ಓಪನ್' ಎಂದೇ ಇತ್ತು. ಓಪನ್ ಎಂದರೆ ತೆರೆ, ಮತ್ತೇನು? ಕರೆಂಟಿನ ಕೆಲಸದವರ ಇಂಗ್ಲಿಷಿನಲ್ಲಿ ಸ್ವಿಚ್ ಓಪನ್ ಮಾಡುವುದೆಂದರೆ ಆಫ್ ಮಾಡುವುದು ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಪರಿಶೀಲಕರೂ ಒಪ್ಪಿದರು. ಪುಟ ಬದಲಾಯಿತು.

ತೋಟಕ್ಕೆ ನೀರು ಬಿಡುವ ಕಾಲ ಶುರುವಾಗಿ ಸ್ವಲ್ಪ ದಿನಕ್ಕೆ, ಇಲ್ಲೇ ಗ್ಯಾರೇಜಿನಲ್ಲಿ ಕೆಲಸ ಮಾಡುವ ಒಬ್ಬ ಯುವಕ ಅಂಗಡಿಗೆ ಬಂದ. ಕಡಹಿನಬೈಲಿಗೆ ಕೊಟ್ಟ ಅವನ ಅಕ್ಕನ ಗಂಡ ಪಂಪಿನ ಮನೆಯಲ್ಲಿ ಕರೆಂಟ್ ಹೊಡೆದು ತೀರಿಕೊಂಡಿದ್ದ. ಪರಿಹಾರದ ಅರ್ಜಿಗೆ ಫೋಟೋಗಳ ಪ್ರಿಂಟು ಬೇಕಿತ್ತು. ಅವನ ಫೋನಿನಿಂದ ಫೋಟೋ ಇಳಿಸಿಕೊಂಡೆ. ಹಳ್ಳದ ಬದಿಯ ತಗಡಿನ ಗೂಡು, ಗೋಡೆಯಲ್ಲಿ ಮೇನ್ ಸ್ವಿಚ್ಚಿನ ಕಬ್ಬಿಣದ ಡಬ್ಬಿ. ಡಬ್ಬಿಯ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಸ್ವಿಚ್ಚು ಆನ್ ಆಗಿಯೇ ಇತ್ತು.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಬಾಗಿಲು ಯಾಕೆ ತೆರೆದದ್ದು?"

"ಫೋನಲ್ಲಿ ಹಂಗೇ ಇತ್ತಂತೆ ಸಾರ್. ಮೋಟರ್ ಪೆಟ್ಟಿಗೆ ಕೆಟ್ಟಿತ್ತು. ಪಂಪಿನ ಮನೆ ಹತ್ರ ಫೋನಿಗೆ ಇಂಟರ್‌ನೆಟ್ ಬರಲ್ಲ. ಅಕ್ಕ ದಿಬ್ಬದ ಮೇಲೆ ನಿಂತು ಅದ್ರಲ್ಲಿದ್ದದ್ದನ್ನ ಓದಿ ಕೂಗ್ತಿದ್ಲು, ಬಾವ ಕೆಳಗೆ ಹಂಗೇ ಮಾಡ್ತಿದ್ರು. ಮುಖ್ಯ ಸ್ವಿಚ್ಚನ್ನು ತೆರೆಯಿರಿ ಅಂದ್ಲಂತೆ. 'ತೆರ್ದೆ' ಅಂದ್ರಂತೆ ಬಾವ. ಕರೆಂಟ್ ಹೋಗಿತ್ತು ಆವಾಗ. ಪೆಟ್ಟಿಗೆ ಒಳಗೆ ಕೈ ಹಾಕಿದ್ದಾರೆ, ಕರೆಂಟ್ ಬಂದಿದೆ."

ನಾನು ಮೇಷ್ಟ್ರ ಮುಖ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ.

ಅವನೇ ಮುಂದುವರಿಸಿದ. "ಈಗ ಅಕ್ಕನ್ನ ಆ ಮನೇಲಿ ಮಾತಾಡ್ಸೋರಿಲ್ಲ ಸಾರ್. ಸರಿಯಾಗಿ ಓದ್ಲಿಲ್ಲ, ಒಂದು ಸಾಲು ಬಿಟ್ಲು, ಗಂಡನ್ನ ಕೊಂದ್ಲು ಅಂತ. ಅವ್ಳೂ ಹಂಗೇ ಅಂದ್ಕೊಂಡು ಕೂತಿದಾಳೆ. ಊಟ ಮಾಡಲ್ಲ. ನನ್ ಬಾಯಿಂದಲೇ ಹೋದ್ರು ಅಂತಾಳೆ."

ಅವನು ಪ್ರಿಂಟು ತೆಗೆದುಕೊಂಡು ಹೋದ. ಮೇಷ್ಟ್ರು ಆ ಪುಟ ಹಾಕು ಎಂದರು. ಹಾಕಿದೆ. ತಾವೇ ಬರೆಸಿದ ಸಾಲನ್ನು ಬೆರಳಿಟ್ಟು ಓದಿದರು. ಮತ್ತೆ ಓದಿದರು. ಆಮೇಲೆ ಎದ್ದು, ಸೆಟ್ಟನ್ನು ಬಾಯಲ್ಲೇ ಇಟ್ಟುಕೊಂಡು ಮನೆಗೆ ನಡೆದರು.

ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತುವ ಮೊದಲೇ ಬಂದು ನಿಂತಿದ್ದರು. "ಕಡಹಿನಬೈಲಿಗೆ ಹೋಗ್ಬೇಕು. ನಿನ್ನ ಫೋನಲ್ಲಿ ಆ ಪುಟ ಬೇಕು."

"ನಿಮಗೇನು ತಲೆ ಕೆಟ್ಟಿದ್ಯಾ ಸಾರ್? ಯಾರು ಬರೆದದ್ದು ಅಂತ ಅಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಹೋದ್ರೆ ಹೊಡೀತಾರೆ."

"ಹೊಡೀಲಿ. ಆ ಹುಡುಗಿ ತಪ್ಪು ಓದಿದ್ಳು ಅಂತ ಹೇಳ್ತಿದಾರಲ್ಲ, ಅದು ಸುಳ್ಳು. ಸುಳ್ಳು ಅಂತ ಗೊತ್ತಿರೋದು ನಮ್ಮಿಬ್ಬರಿಗೇ."

ನನಗೆ ಭಯವಾಗಿತ್ತು, ಮುಚ್ಚಿಟ್ಟು ಏನು ಮಾಡಲಿ. ಖಾತೆ ಇದ್ದದ್ದು ನನ್ನ ಹೆಸರಿನಲ್ಲಿ. ಯಾರು ಯಾವಾಗ ಏನು ತಿದ್ದಿದರು ಎಂದು ಆ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ. ಆ ಸಾಲಿನ ಪಕ್ಕದಲ್ಲಿ ಇದ್ದದ್ದು ನನ್ನ ಹೆಸರು. ಬಸ್ಸಿನುದ್ದಕ್ಕೂ ಅವರನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದೆ. ಎನ್‌ಆರ್ ಪುರದಲ್ಲಿ ಬಸ್ಸು ಬದಲಿಸುವಾಗ ಒಂದು ಲೋಟ ಕಾಫಿ ಕೊಡಿಸಲು ಹೋದರೆ ಬೇಡ ಎಂದರು.

ಮನೆಯ ಮುಂದೆ ಅಡಿಕೆ ಒಣಹಾಕುವ ಅಂಗಳ. ಮಾವ ಜಗಲಿಯಲ್ಲಿ ಕೂತಿದ್ದರು, ಅತ್ತೆ ಒಳಬಾಗಿಲಲ್ಲಿ, ಸತ್ತವನ ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಪರಿಹಾರದ ವಿಷಯಕ್ಕೆ ಬಂದವರು ಎಂದುಕೊಂಡು ಚಾಪೆ ಹಾಕಿದರು. ಮೇಷ್ಟ್ರು ಕೂರಲಿಲ್ಲ. ಸೊಸೆಯನ್ನು ಕರೆಯಿರಿ ಎಂದರು. ಅವಳು ಬಂದು ಗೋಡೆಗೆ ಅಂಟಿ ನಿಂತಳು. ಕಣ್ಣು ಮಾತ್ರ ಉಳಿದಿದ್ದ ಮುಖ.

ಮೇಷ್ಟ್ರು ನನ್ನ ಫೋನನ್ನು ಅವಳಿಗೆ ಕೊಟ್ಟರು. "ಇದನ್ನ ಗಟ್ಟಿಯಾಗಿ ಓದು ಮಗಾ. ಅವತ್ತು ಓದಿದ ಹಾಗೇ."

ಅವಳು ಫೋನು ಹಿಡಿದು ಮಾವನ ಕಡೆ ನೋಡಿದಳು. ಅತ್ತೆ ಅಯ್ಯೋ ಎಂದರು. ನನಗೆ ಈ ಮುದುಕನನ್ನು ಅಲ್ಲೇ ಹಿಡಿದು ಎಳೆದುಕೊಂಡು ಹೋಗಬೇಕೆನ್ನಿಸಿತು. ಇಂಥ ಕ್ರೂರ ಕೆಲಸವನ್ನು ನಾನು ಕಂಡಿರಲಿಲ್ಲ. "ಸಾರ್, ಬೇಡ" ಎಂದೆ. ಅವರು ನನ್ನ ಕಡೆ ತಿರುಗಲಿಲ್ಲ. ಪರೀಕ್ಷೆಯ ದಿನ ಹೆದರಿದ ಮಕ್ಕಳ ಬಳಿ ನಿಲ್ಲುತ್ತಿದ್ದ ಹಾಗೆ, ಸ್ವಲ್ಪ ಬಗ್ಗಿ, ಕಾಯುತ್ತ ನಿಂತರು.

ಅವಳು ಓದಿದಳು. ಮೊದಲ ಸಾಲು, ಎರಡನೆಯದು. 'ಮುಖ್ಯ ಸ್ವಿಚ್ಚನ್ನು ತೆರೆಯಿರಿ' ಎಂಬುದನ್ನೂ ಓದಿದಳು. ಒತ್ತಕ್ಷರ ಒಂದೂ ತಪ್ಪಲಿಲ್ಲ.

ಮೇಷ್ಟ್ರು ಮಾವನ ಕಡೆ ತಿರುಗಿದರು. "ಕೇಳಿದ್ರಲ್ಲ. ಒಂದು ಅಕ್ಷರ ಬಿಟ್ಟಿಲ್ಲ ಅವಳು. ಅಲ್ಲಿ ಇದ್ದದ್ದನ್ನೇ ಓದಿದ್ದಾಳೆ, ನಿಮ್ಮ ಮಗ ಅದನ್ನೇ ಮಾಡಿದ್ದಾನೆ. ಇದ್ದದ್ದೇ ತಪ್ಪು. ಅದನ್ನ ಬರೆದವನು ನಾನು. ಮೊದಲು ಸರಿಯಾಗೇ ಇತ್ತು, ತಿದ್ದಿ ಕೆಡಿಸಿದವನು ನಾನು."

ನನ್ನ ಬಾಯಿಂದಲೂ ಮಾತು ಹೊರಟಿತು. "ಟೈಪ್ ಮಾಡಿದ್ದು..."

"ನೀನು ಸುಮ್ನಿರು. ಕ್ರಿಯಾಪದ ನನ್ನದು."

ಆ ಮಾತಿಗೆ ನಾನು ಬದುಕಿರುವವರೆಗೂ ಸಾಲಗಾರಳು. ಅದನ್ನು ಅವರು ಯಾವತ್ತೂ ಲೆಕ್ಕಕ್ಕೆ ತಂದುಕೊಳ್ಳಲಿಲ್ಲ, ನಾನೂ ಎತ್ತಲಿಲ್ಲ.

ಅಣ್ಣ ಕಂಬ ಬಿಟ್ಟು ಮುಂದೆ ಬಂದ. ಮಾವ ಕೈ ಅಡ್ಡ ಹಿಡಿದರು. "ವಯಸ್ಸಾದವ್ರ ಮೇಲೆ ಕೈ ಮಾಡ್ಬೇಡ. ಮೇಷ್ಟ್ರೆ, ನೀವು ಹೋಗಿ. ಇಲ್ಲಿ ನಿಲ್ಬೇಡಿ." ನಾವು ಅಂಗಳದ ಬೇಲಿಯ ತಣಪು ದಾಟುವಾಗ ಅವಳು ಹಿಂದಿನಿಂದ ಬಂದಳು. ಅಳುತ್ತಿರಲಿಲ್ಲ.

"ಆಫ್ ಮಾಡಿ ಅಂತ ಬರ್ದಿದ್ರೆ ನಿಮಗೆ ಎಂತ ಆಗ್ತಿತ್ತು?"

ಮೇಷ್ಟ್ರು ನಿಂತರು. "ಏನೂ ಆಗ್ತಿರ್ಲಿಲ್ಲ" ಎಂದರು.

ಮರುದಿನವೇ ಆ ಸಾಲನ್ನು ಬದಲಿಸಲು ಕೂತೆವು. 'ಮೇನ್ ಸ್ವಿಚ್ ಆಫ್ ಮಾಡಿ. ಕರೆಂಟ್ ಇಲ್ಲದಿದ್ದರೂ ಆಫ್ ಮಾಡಿ.' ಹುಟ್ಟಿದಾಗಿನಿಂದ ಇಂಗ್ಲಿಷ್ ಮಾತಿಗೆ ಬಾಗಿಲು ಹಾಕಿ ಕೂತಿದ್ದ ಮನುಷ್ಯ ಎರಡು ಸಾಲಿನಲ್ಲಿ ಎರಡು 'ಆಫ್' ಬರೆಸಿದರು. ಸಂಜೆಯೊಳಗೆ ಪರಿಶೀಲಕರ ಉತ್ತರ ಬಂತು: 'ಗುರುಗಳೇ, ಮೇನ್, ಆಫ್, ಕರೆಂಟ್ ಎಲ್ಲವೂ ಇಂಗ್ಲಿಷ್. ನೀವೇ ಕೊಟ್ಟ ನಿಯಮದಂತೆ ಒಪ್ಪಲಾಗುತ್ತಿಲ್ಲ. ದಯವಿಟ್ಟು ನಿಯಮ ನೋಡಿ.'

ನಾನು ನಕ್ಕುಬಿಟ್ಟೆ. ನಗು ಬರುವ ವಿಷಯವಾ ಅದು? ಆದರೆ ಬಂತು, ಮತ್ತೆ ಅಳುವೂ ಬಂತು. ಮೇಷ್ಟ್ರು ನಿಯಮವನ್ನೇ ಹೊಡೆದುಹಾಕಿ ಎಂದು ಬರೆಸಿದರು. ಅದಕ್ಕೆ ಎಲ್ಲರ ಅಭಿಪ್ರಾಯ ಕೇಳಬೇಕಂತೆ. ಒಬ್ಬ ಮನುಷ್ಯ ಸತ್ತಿದ್ದಾನೆ ಎಂದು ಬರೆಸಿದರು. ವಿಷಾದ, ಕಂಪನಿಗೆ ತಿಳಿಸಿದ್ದೇವೆ ಎಂದು ಬಂತು. ಕಂಪನಿಯಿಂದ, ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಎಂದು ಬಂತು. ನಡುವೆ ಯಾರೋ 'ತೆರೆ' ಎಂಬುದರ ಮೂಲ ಧಾತುವಿನ ಬಗ್ಗೆ ಚರ್ಚೆ ಎತ್ತಿದರು. ಹಿಂದೆಯಾಗಿದ್ದರೆ ಮೇಷ್ಟ್ರು ಹಬ್ಬ ಮಾಡುತ್ತಿದ್ದರು. ಈಗ ಸ್ಕ್ರೀನಿನ ಕಡೆ ಕೈಮುಗಿದು, "ಸಾಕು ಮಾರಾಯ, ಜನ ಸಾಯ್ತಾರೆ" ಎಂದರು.

ಸಾಲು ಹಾಗೇ ಇತ್ತು. ಬೇಸಿಗೆ ಏರುತ್ತಿತ್ತು, ಎಲ್ಲ ಕಡೆ ಮೋಟರ್‌ಗಳು ಓಡುತ್ತಿದ್ದವು. ಮೇಷ್ಟ್ರು ಬಸ್ಸು ಹಿಡಿದು ಅಂಗಡಿ ಅಂಗಡಿ ತಿರುಗಲು ಶುರುಮಾಡಿದರು. ಕಮ್ಮರಡಿ, ಶೃಂಗೇರಿ, ಎನ್‌ಆರ್ ಪುರ, ಎಲ್ಲೆಲ್ಲಿ ಆ ಪೆಟ್ಟಿಗೆ ಮಾರುತ್ತಾರೋ ಅಲ್ಲೆಲ್ಲ ಹೋಗಿ, ಪೆಟ್ಟಿಗೆ ಕೊಡುವಾಗ ಬಾಯಲ್ಲೇ ಹೇಳಿ, ಆಫ್ ಮಾಡೋಕೆ ಹೇಳಿ, ಎಂದು ಅಂಗಲಾಚಿದರು. ಬೋರ್ಡು ತಪ್ಪಿದ್ದ ಬಸ್ಸನ್ನೂ ಹತ್ತಿದರು. ಕೆಲವರು ಕೇಳಿದರು, ಕೆಲವರು ಗಿರಾಕಿ ಓಡಿಸ್ತೀರಿ ಎಂದು ಎಬ್ಬಿಸಿ ಕಳಿಸಿದರು. ಅವರ ಮಗಳು ನನ್ನ ಅಂಗಡಿಗೆ ಬಂದು, ಅಪ್ಪನಿಗೆ ಸ್ವಲ್ಪ ಬುದ್ಧಿ ಹೇಳು ಎಂದಳು. ಅವರಿಗೆ ಬುದ್ಧಿ ಹೇಳಿ ನನಗೇನು ಅಭ್ಯಾಸವಿತ್ತಾ?

ಉಳಿದ ಪುಟಗಳನ್ನೂ ಮೊದಲಿಂದ ನೋಡುತ್ತಾ ಹೋದರು. ಆದರೆ ಕ್ರಮ ಬೇರೆಯಾಗಿತ್ತು. ಒಂದು ಸಾಲು ಬರೆಸುವುದು, ಅಂಗಡಿಗೆ ಬಂದ ಯಾರಿಗಾದರೂ ಅದನ್ನು ಓದಿ ಹೇಳುವುದು, "ಈಗ ನೀವು ಎಂತ ಮಾಡ್ತೀರಿ?" ಎಂದು ಕೇಳುವುದು. ಕೊಯ್ಲಿಗೆ ಬಂದವರು, ಪಿಂಚಣಿಗೆ ಬಂದ ಅಜ್ಜಿಯರು, ಯಾರಾದರೂ ಸರಿ. ಒಬ್ಬ ಅಜ್ಜಿ 'ಗುಂಡಿಯನ್ನು ಒತ್ತಿ ಹಿಡಿಯಿರಿ' ಎಂಬುದನ್ನು ಕೇಳಿ, "ಯಾವ ಗುಂಡಿ? ಅಂಗೀದಾ, ಗೊಬ್ಬರದ್ದಾ?" ಎಂದಳು. ಮೇಷ್ಟ್ರು ಅವಳಿಗೆ ಕೈಮುಗಿದು ಆ ಸಾಲು ಅಳಿಸಿದರು. ಜನ ಹಿಂದಿನಿಂದ ತಲೆಗೆ ಬೆರಳು ತೋರಿಸಿ ನಗುತ್ತಿದ್ದರು. ನಾನು ಆ ನಗುವವರಿಗೆ ಜೆರಾಕ್ಸ್ ಮಾಡಿಕೊಡದೆ ಕಾಯಿಸುತ್ತಿದ್ದೆ.

'ಆಫ್' ಒಪ್ಪಿಗೆಯಾಗಿ ಪುಟಕ್ಕೆ ಬಂದದ್ದು ಮಳೆ ಹಿಡಿದ ಮೇಲೆ. ಮೋಟರ್‌ಗಳನ್ನೆಲ್ಲ ಬಿಚ್ಚಿ ಅಟ್ಟ ಹತ್ತಿಸಿಯಾಗಿತ್ತು. ಬಂತು ಸಾರ್ ಎಂದು ಕೂಗಿ ತೋರಿಸಿದೆ. ಓದಿದರು, ತಲೆಯಾಡಿಸಿದರು, ಅಷ್ಟೆ. ಅದೇ ಮಳೆಯಲ್ಲಿ ಅವರಿಗೆ ಕಫ ಕಟ್ಟಿತು. ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ಮಂಚದ ಕಾಲಬದಿಯಲ್ಲಿ ತೂಗುಹಾಕಿದ್ದ ಕಾಗದದಲ್ಲಿ ಅವರ ಹೆಸರನ್ನು ತಪ್ಪಾಗಿ ಬರೆದಿದ್ದರು, ಷ ಇರಬೇಕಾದಲ್ಲಿ ಶ. ಸದ್ಯ, ಇನ್ನು ಈ ವಾರ್ಡಿಗೆ ಉಳಿಗಾಲವಿಲ್ಲ ಎಂದುಕೊಂಡು ತೋರಿಸಿದೆ. ಬೈಯಲಿ, ಎದ್ದು ಕೂತು ಕೂಗಾಡಲಿ ಎಂದು ಆಸೆಯಾಗಿತ್ತು ನನಗೆ.

"ಬಿಡು ಕೂಸೇ. ಅರ್ಥ ಆಗ್ತದಲ್ಲ" ಎಂದರು.

ಇನ್ನು ಇವರು ಉಳಿಯುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ವಾರ ಕಳೆಯುವುದರೊಳಗೆ ಹೋಗಿಬಿಟ್ಟರು.

ಅವರ ತಿಥಿ ಎಲ್ಲ ಮುಗಿದ ಮೇಲೆ ಒಂದು ದಿನ ಕಡಹಿನಬೈಲಿನ ಆ ಹುಡುಗಿ ಅಂಗಡಿಗೆ ಬಂದಳು. ವಿಧವಾ ಪಿಂಚಣಿಯ ಕಾಗದ ಮಾಡಿಸಬೇಕಿತ್ತು. ಕೊಡೆ ಮಡಿಸಿ, ಸುತ್ತ ನೋಡಿ, "ಮೇಷ್ಟ್ರು?" ಎಂದಳು. ಹೇಳಿದೆ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ನಾನು ಅವಳ ಕಾಗದಗಳನ್ನು ಸ್ಕ್ಯಾನ್ ಮಾಡಲು ಶುರುಮಾಡಿದೆ.

ಅರ್ಧದಲ್ಲಿ ಅವಳೇ ಮಾತೆತ್ತಿದಳು. "ನಂಗೆ ಅವ್ರ ಮೇಲೆ ಸಿಟ್ಟು ಹೋಗಿಲ್ಲಕ್ಕ. ಸತ್ರು ಅಂತ ಸುಳ್ಳು ಹೇಳಲ್ಲ, ಹೋಗಲ್ಲ ಅದು."

"ನಿನ್ನ ಸಿಟ್ಟು ಹೋಗ್ಲಿ ಅಂತ ಅವ್ರು ನಿಮ್ಮನೆಗೆ ಬಂದದ್ದಲ್ಲ" ಎಂದೆ.

"ಗೊತ್ತು." ಆಮೇಲೆ ಸ್ಕ್ಯಾನರಿನ ಬೆಳಕು ನೋ‍ಡುತ್ತಾ ಹೇಳಿದಳು. "ಮೊನ್ನೆ ಸೊಸೈಟಿಯಿಂದ ಒಂದು ಕಾಗದ ಬಂತು. ಮಾವ ಅದನ್ನ ದೊಡ್ಡ ಮಗನ ಕೈಗೆ ಕೊಡ್ಲಿಲ್ಲ. ಒಳಗೆ ಬಂದು ನನ್ ಕೈಗೇ ಕೊಟ್ರು. 'ನೀನೇ ಓದಮ್ಮ, ನೀನು ಸರಿಯಾಗಿ ಓದ್ತಿ' ಅಂದ್ರು."